ಅಕ್ಕನ ಕೆಂಪು ರಕ್ತಕಣಗಳೂ ಗೂಡಲೂರಿನ ಟೀ ಪುಡಿಯೂ

ರೇಷ್ಮೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಹುಳುಗಳಿಗೆ ಏನು ತಿನ್ನಿಸಬೇಕು, ಎಷ್ಟು ತಿನ್ನಿಸಬೇಕು, ಯಾವಾಗ ತಿನ್ನಿಸಬಾರದು ಎಂದು ರೈತರಿಗೆ ಉಪದೇಶ ಮಾಡಿ ನಿವೃತ್ತನಾದವನು ನಾನು. ಆ ಉಪದೇಶ ಎಷ್ಟು ರೈತರ ಕಿವಿಗೆ ಬಿತ್ತೋ ತಿಳಿಯದು. ಹುಳುಗಳಂತೂ ತಮ್ಮ ಪಾಡಿಗೆ ತಾವು ತಿಂದು ಗೂಡು ಕಟ್ಟಿದವು. ಆದರೂ ಒಂದು ಜೀವವನ್ನು ಹೊಟ್ಟೆಯ ಮೂಲಕ ಉದ್ಧಾರ ಮಾಡುವ ವಿದ್ಯೆ ನನಗೆ ಪೂರ್ತಿ ದಕ್ಕಿದೆ ಎಂಬ ನಂಬಿಕೆಯಲ್ಲಿ ಚಾಮರಾಜನಗರದ ನನ್ನ ಮನೆಯಲ್ಲಿ ನೆಮ್ಮದಿಯಾಗಿದ್ದೆ. ಆ ನಂಬಿಕೆಗೆ ಪೆಟ್ಟು ಕೊಟ್ಟದ್ದು ನನ್ನ ಅಕ್ಕನ ರಕ್ತ.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಹರದನಹಳ್ಳಿಯಲ್ಲಿ ಹುಟ್ಟಿ ಗುಂಡ್ಲುಪೇಟೆಗೆ ಮದುವೆಯಾಗಿ ಹೋದವಳು. ಭಾವ ತೀರಿಕೊಂಡ ಮೇಲೂ ಮಗ ಸೊಸೆಯನ್ನು ಜೊತೆಗಿಟ್ಟುಕೊಂಡು ನಾಲ್ಕು ಎಕರೆಯಲ್ಲಿ ಚೆಂಡು ಹೂವು ಬೆಳೆಯುತ್ತಾಳೆ. ಅವಳ ಗರ್ಭಕೋಶದ ಬಾಯಿಯಲ್ಲಿ ಒಂದು ಕೆಟ್ಟ ಗಂಟು ಇದೆ ಎಂದು ಮೈಸೂರಿನ ಆಸ್ಪತ್ರೆಯಲ್ಲಿ ಗೊತ್ತಾಯಿತು. ಬೇಗ ಸಿಕ್ಕಿದೆ, ವಾಸಿಯಾಗುವಂಥದ್ದು, ಮೊದಲು ಇಪ್ಪತ್ತೈದು ಸಲ ಕರೆಂಟು ಕೊಡಬೇಕು ಎಂದರು. ವಿಕಿರಣ ಚಿಕಿತ್ಸೆ ಎಂಬ ಭಾರಿ ಹೆಸರು ಕಾಗದದ ಮೇಲೆ ಮಾತ್ರ. ನಮ್ಮ ಕಡೆ ಎಲ್ಲರೂ ಅದನ್ನು ಕರೆಂಟು ಕೊಡುವುದು ಎಂದೇ ಅನ್ನುವುದು. ಅಕ್ಕ ಡಾಕ್ಟರನ್ನು ಕೇಳಿದ ಮೊದಲ ಪ್ರಶ್ನೆ, ಮಧ್ಯದಲ್ಲಿ ಕರೆಂಟು ಹೋದರೆ ಏನು ಗತಿ ಎಂಬುದು. ಜನರೇಟರ್ ಇದೆ ಎಂದು ಗೊತ್ತಾದ ಮೇಲೆ, ಹಾಗಾದರೆ ಗುಂಡ್ಲುಪೇಟೆಗಿಂತ ವಾಸಿ ಎಂದು ಸಹಿ ಹಾಕಿದಳು.

ಚಾಮರಾಜನಗರದಿಂದ ಮೈಸೂರಿಗೆ ರೈಲು ಇರುವುದರಿಂದ ಐದು ವಾರ ನಮ್ಮ ಮನೆಯಲ್ಲಿರುವುದು ಎಂದಾಯಿತು. ಸೋಮವಾರದಿಂದ ಶುಕ್ರವಾರದವರೆಗೆ ನಾನು ಅವಳನ್ನು ಕರೆದುಕೊಂಡು ಹೋಗಿ ಬರುವುದು. ಶನಿವಾರ ಅವಳು ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗಿ, ಹೊಲ ನೋಡಿ, ಸೊಸೆಯನ್ನು ವಾರಕ್ಕಾಗುವಷ್ಟು ಬೈದು, ಭಾನುವಾರ ಸಂಜೆ ವಾಪಸು ಬರುವುದು. ಬರುವಾಗ ತನ್ನದೇ ಟೀ ಪುಡಿ ತರುತ್ತಿದ್ದಳು. ಗುಂಡ್ಲುಪೇಟೆಯವರಿಗೆ ಟೀ ಪುಡಿ ಎಂದರೆ ಗಡಿಯಾಚೆ ಗೂಡಲೂರಿನದು. ನಮ್ಮ ಅಂಗಡಿಯ ಪುಡಿ ಅವರ ಪಾಲಿಗೆ ಬಣ್ಣ ಹಚ್ಚಿದ ಹೊಟ್ಟು.

ಆಸ್ಪತ್ರೆಯಲ್ಲಿ ಮೊದಲ ದಿನ ಅಕ್ಕನ ಹೊಟ್ಟೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆದು, ಚಿಕಿತ್ಸೆ ಮುಗಿಯುವವರೆಗೆ ಉಜ್ಜಿ ತೊಳೆಯಬಾರದು ಎಂದರು. ಕಿರಣ ಎಲ್ಲಿ ಬೀಳಬೇಕು ಎಂಬುದಕ್ಕೆ ಅದು ಗುರುತು. ಅಕ್ಕ ಹೊರಗೆ ಬಂದು, ಸರ್ವೆಯವರು ಕಲ್ಲು ನೆಟ್ಟಾಯ್ತು, ಇನ್ನು ಯಾರೂ ಒತ್ತುವರಿ ಮಾಡುವ ಹಾಗಿಲ್ಲ ಎಂದು ಕಾಯುತ್ತಾ ಕೂತಿದ್ದ ಹೆಂಗಸರಿಗೆಲ್ಲ ಸಾರಿದಳು. ಮರುದಿನದಿಂದ ಆ ಬೆಂಚಿನಲ್ಲಿ ಅವಳಿಗೆ ಜಾಗ ಕಾದಿರುತ್ತಿತ್ತು.

ಡಾಕ್ಟರ್ ಮೂವತ್ತರ ಆಸುಪಾಸಿನ ಹುಡುಗಿ. ನನ್ನನ್ನು ಸರ್ ಎಂದೂ ಅಕ್ಕನನ್ನು ಅಜ್ಜಿ ಎಂದೂ ಕರೆಯುತ್ತಿದ್ದಳು. ಮೊದಲನೆಯದಕ್ಕೆ ನನ್ನ ಆಕ್ಷೇಪವಿರಲಿಲ್ಲ, ಎರಡನೆಯದಕ್ಕೆ ಅಕ್ಕನದು ಬಹಳವಿತ್ತು. ಆಕೆ ತಾಳ್ಮೆಯಿಂದ ವಿವರಿಸಿದ್ದು ಇಷ್ಟು: ಕಿರಣವನ್ನು ಗಂಟಿಗೇ ಗುರಿಯಿಟ್ಟರೂ ದಾರಿಯಲ್ಲಿ ಸೊಂಟದ ಮೂಳೆ ಸಿಗುತ್ತದೆ. ಆ ಮೂಳೆಯೊಳಗಿನ ಮಜ್ಜೆಯಲ್ಲೇ ರಕ್ತಕಣಗಳು ಹುಟ್ಟುವುದು. ಕಿರಣ ತಾಗಿದಾಗ ಆ ಕಾರ್ಖಾನೆ ಮಂದವಾಗುತ್ತದೆ. ಕೆಂಪು ಕಣಗಳಿಗೆ ನಾಲ್ಕು ತಿಂಗಳ ಆಯುಸ್ಸು ಇರುವುದರಿಂದ ಒಂದೇ ಸಲ ಖಾಲಿಯಾಗುವುದಿಲ್ಲ, ಹೋದವರ ಜಾಗಕ್ಕೆ ಹೊಸಬರು ಬರುವುದು ನಿಧಾನವಾಗಿ ಲೆಕ್ಕ ಮೆಲ್ಲಗೆ ಇಳಿಯುತ್ತದೆ. ನಮ್ಮ ಇಲಾಖೆಯಲ್ಲಿ ನೇಮಕಾತಿ ನಿಲ್ಲಿಸಿದಾಗ ಆದದ್ದೂ ಇದೇ, ಹಾಗಾಗಿ ನನಗೆ ಕೂಡಲೇ ಅರ್ಥವಾಯಿತು. ಮುಖ್ಯ ಸಂಗತಿ ಇನ್ನೊಂದು: ಆಮ್ಲಜನಕವನ್ನು ಹೊತ್ತು ತರುವವು ಈ ಕೆಂಪು ಕಣಗಳೇ, ಮತ್ತು ಆಮ್ಲಜನಕ ಸಾಕಷ್ಟು ಇದ್ದರೆ ಮಾತ್ರ ಕಿರಣ ಗಂಟನ್ನು ಚೆನ್ನಾಗಿ ಸುಡುತ್ತದೆ. ಆದ್ದರಿಂದ ಹಿಮೋಗ್ಲೋಬಿನ್ ಹತ್ತಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಸೇರಿಸಿಕೊಂಡು ರಕ್ತ ಕೊಡುತ್ತೇವೆ, ಅದರಲ್ಲಿ ಹೆದರುವಂಥದ್ದೇನಿಲ್ಲ. ಆದರೆ ಮಧ್ಯೆ ಚಿಕಿತ್ಸೆ ನಿಲ್ಲದೆ ಹೋದರೆ ಒಳ್ಳೆಯದು. ಪ್ರತಿ ಸೋಮವಾರ ರಕ್ತ ಪರೀಕ್ಷೆ. ದಿನಕ್ಕೊಂದು ಕಬ್ಬಿಣದ ಮಾತ್ರೆ.

ವಾಪಸು ಬರುವಾಗ ರೈಲಿನಲ್ಲಿ, ಎದುರು ಕೂತಿದ್ದ ಕಡಲೆಕಾಯಿ ತಿನ್ನುವ ದಂಪತಿಗಳೂ ಕೇಳುವಂತೆ, ಅಕ್ಕ ಇದನ್ನೆಲ್ಲ ಸಂಗ್ರಹಿಸಿ ಹೇಳಿದಳು.

"ಒಲೆ ಉರೀಬೇಕಾದ್ರೆ ಗಾಳಿ ಬೇಕು. ಗಾಳಿ ತರೋದು ಕೆಂಪು ರಕ್ತ. ಒಲೆ ಅಚ್ಚೋ ಕರೆಂಟೇ ರಕ್ತ ಮಾಡೋ ಮೂಳೆಗೂ ಒಸಿ ಬಿಸಿ ತಾಗಿಸ್ಬುಡ್ತದೆ. ಅಷ್ಟೇ ಕಣ್ಲಾ. ಅದ್ಕೆ ಆ ಮಗ ಅರ್ಧ ಗಂಟೆ ಇಂಗ್ಲಿಷ್ ಆಡ್ತು."

ಅದಕ್ಕಿಂತ ಚೆನ್ನಾಗಿ ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.

ಅಕ್ಕನಿಗೆ ಗಂಟಿನ ಭಯವಿರಲಿಲ್ಲ, ಸೂಜಿಯ ಭಯವಿರಲಿಲ್ಲ. ಅವಳಿಗಿದ್ದದ್ದು ನೆಂಟರ ಬಾಯಿಯ ಭಯ. ನಮ್ಮ ಬಳಗದಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದಾರೆ ಎಂದು ಖಾತ್ರಿಯಾದ ಗಳಿಗೆಯಿಂದ ಜನ ಅವರನ್ನು "ಪಾಪ, ಒಳ್ಳೆ ಹೆಂಗ್ಸು" ಎನ್ನಲು ಶುರುಮಾಡುತ್ತಾರೆ. ಬದುಕಿರುವ ತನಕ ನಮ್ಮಲ್ಲಿ ಯಾರೂ ಯಾರನ್ನೂ ಒಳ್ಳೆಯವರು ಎಂದು ಒಪ್ಪಿದ ದಾಖಲೆಯಿಲ್ಲ. ಆದ್ದರಿಂದ ಆ ಮಾತು ಬಂತೆಂದರೆ ಅರ್ಥ ಸ್ಪಷ್ಟ. ಆಸ್ಪತ್ರೆಗೆ ಸೇರಿಸಿ ಬಾಟಲಿಯಲ್ಲಿ ರಕ್ತ ಏರಿಸುತ್ತಿರುವುದನ್ನು ಒಬ್ಬರು ಕಂಡರೆ ಸಾಕು, ತಾನು ಮರುದಿನವೇ ಒಳ್ಳೆಯ ಹೆಂಗಸಾಗಿಬಿಡುತ್ತೇನೆ ಎಂದು ಅಕ್ಕ ಲೆಕ್ಕ ಹಾಕಿದ್ದಳು. ಹತ್ತು ಎಂಬ ಗೆರೆ ಡಾಕ್ಟರಿಗೆ ಚಿಕಿತ್ಸೆಯದು, ಅಕ್ಕನಿಗೆ ಮಾನದ್ದು.

ಮೊದಲ ಸೋಮವಾರ ಬಂದದ್ದು ಹನ್ನೊಂದು ಪಾಯಿಂಟ್ ಒಂದು. ಗೆರೆಗೂ ನಮಗೂ ಅಂತರ ಸ್ವಲ್ಪವೇ. ನಾನು ಕಾರ್ಯಪ್ರವೃತ್ತನಾದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೇಲು ಹಿಡಿದು ಒಂದು ಚಾರ್ಟು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ರಾಗಿ ಮುದ್ದೆ, ನುಗ್ಗೆ ಸೊಪ್ಪು, ಹುರುಳಿ ಕಾಳು, ಖರ್ಜೂರ, ದಾಳಿಂಬೆ, ಮಾತ್ರೆ, ಹೀಗೆ ಒಂದೊಂದಕ್ಕೆ ಒಂದು ಕಾಲಂ. ಹುಳು ಮನೆಯಲ್ಲಿ ಸೊಪ್ಪು ಹಾಕಿದ ಹೊತ್ತು ಬರೆದಿಡುವಂತೆ ನಾನೇ ಹೊತ್ತು ಹೊತ್ತಿಗೆ ಗುರುತು ಹಾಕುತ್ತಿದ್ದೆ. ನನ್ನ ಹೆಂಡತಿ ಅದನ್ನು ನೋಡಿ, ಅತ್ತಿಗೆ ಯಾವಾಗ ಗೂಡು ಕಟ್ಟುತ್ತಾರೆ ಎಂದು ಕೇಳಿದಳು. ಆ ಮಾತನ್ನು ನಾನು ದಾಖಲೆಗೆ ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ನೆಂಟರು ಬರತೊಡಗಿದರು. ಹರದನಹಳ್ಳಿಯಿಂದ ಸ್ಕೂಟರುಗಳಲ್ಲಿ, ಚಂದಕವಾಡಿಯಿಂದ ಬಸ್ಸಿನಲ್ಲಿ, ಬ್ರೆಡ್ಡು, ಮೂಸಂಬಿ, ಬೀಟ್‌ರೂಟು ಹಿಡಿದುಕೊಂಡು. ಇವರೆಲ್ಲರ ನಾಯಕತ್ವ ಕುದೇರಿನ ನಮ್ಮ ಸೋದರತ್ತೆಯದು. ನಮ್ಮಪ್ಪನ ಕೊನೆಯ ತಂಗಿ, ಎಂಬತ್ತರ ಹತ್ತಿರದವಳು. ವಾರಕ್ಕೆರಡು ಸಲ ಒಂದು ಹೊರೆ ನುಗ್ಗೆ ಸೊಪ್ಪು ತಂದು ಇಳಿಸಿ, ಅಕ್ಕನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ಬಣ್ಣ ನೋಡಿ ಹೋಗುತ್ತಿದ್ದಳು. ಅವಳು ಬೆಳಗ್ಗೆ ಕುದೇರಿನಲ್ಲಿ ಹೇಳಿದ್ದು ಸಂಜೆಗೆ ಹೋಬಳಿಗೆಲ್ಲ ತಿಳಿಯುತ್ತದೆ. ಅಕ್ಕ ಯಾವಾಗ ಒಳ್ಳೆಯ ಹೆಂಗಸಾಗಬೇಕು ಎಂಬುದನ್ನು ಘೋಷಿಸುವ ಅಧಿಕಾರ ಇದ್ದದ್ದು ಅವಳೊಬ್ಬಳಿಗೇ.

ಎರಡನೆಯ ಸೋಮವಾರ ಹತ್ತು ಪಾಯಿಂಟ್ ಏಳು. ನಾನು ಚಾರ್ಟಿಗೆ ಎಳ್ಳುಂಡೆಯ ಕಾಲಂ ಸೇರಿಸಿದೆ. ಮೂರನೆಯ ಸೋಮವಾರ ಹತ್ತು ಪಾಯಿಂಟ್ ಎರಡು. ಸೇರಿಸಲು ಬೇರೇನೂ ಉಳಿದಿರಲಿಲ್ಲ. ಅಂದು ಚಾರ್ಟನ್ನೇ ಗೋಡೆಯಿಂದ ಬಿಡಿಸಿ, ಸುತ್ತಿ ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋಗಿದ್ದೆ. ನಮ್ಮ ಕಡೆಯಿಂದ ಕರ್ತವ್ಯಲೋಪವಾಗಿಲ್ಲ ಎಂದು ತೋರಿಸಬೇಕಿತ್ತಲ್ಲ.

ಡಾಕ್ಟರ್ ಮೇಜಿನ ಮೇಲೆ ಅದನ್ನು ಹರಡಿ, ನಾಲ್ಕು ಮೂಲೆಗೂ ನಾಲ್ಕು ವಸ್ತು ಇಟ್ಟು, ಪೂರ್ತಿ ಓದಿದಳು. ಇಷ್ಟು ಚೆನ್ನಾಗಿ ಬರೆದವರನ್ನು ನೋಡಿಯೇ ಇಲ್ಲ ಎಂದಳು. ನಾನು ವಿನಯದಿಂದ ಸೀಲಿಂಗ್ ಫ್ಯಾನು ನೋಡಿದೆ.

"ಟೀ ಎಲ್ಲಿ ಸರ್?" ಎಂದಳು.

ಟೀ ಈಗ ಬೇಡಮ್ಮ, ಈಗ ತಾನೇ ಆಯ್ತು ಎಂದೆ. ಅದಲ್ಲ, ಚಾರ್ಟಿನಲ್ಲಿ ಟೀ ಯಾಕಿಲ್ಲ, ಅಜ್ಜಿ ಕುಡಿಯೋದಿಲ್ಲವೇ ಎಂದು ಕೇಳಿದಳು. ನಾನು ಅಕ್ಕನ ಮುಖ ನೋಡಿದೆ, ಅಕ್ಕ ನನ್ನ ಮುಖ ನೋಡಿದಳು. ಟೀಯನ್ನು ಬರೆಯಬೇಕು ಎಂಬುದು ನಮ್ಮಿಬ್ಬರಿಗೂ ಹೊಳೆದಿರಲೇ ಇಲ್ಲ. ನಮ್ಮಲ್ಲಿ ಟೀ ಆಹಾರವಲ್ಲ, ಮರ್ಯಾದೆ. ಉಸಿರಾಟಕ್ಕೆ ಯಾರಾದರೂ ಕಾಲಂ ಹಾಕುತ್ತಾರೆಯೇ?

ವಿಚಾರಣೆ ನಡೆದು ನಿಜ ಹೊರಬಿತ್ತು. ರೋಗಿಯನ್ನು ನೋಡಲು ಬಂದವರಿಗೆ ಟೀ ಕೊಡದೆ ಕಳಿಸುವಂತಿಲ್ಲ. ಕೊಟ್ಟಾಗ ರೋಗಿ ಜೊತೆಯಲ್ಲಿ ಕುಡಿಯದಿದ್ದರೆ, ಪಾಪ, ಒಂದು ಲೋಟ ಟೀಯೂ ಸೇರುತ್ತಿಲ್ಲವಂತೆ ಎಂಬ ಸುದ್ದಿ ಬಸ್ಸು ಹತ್ತುತ್ತದೆ. ಹಾಗಾಗಿ ಅಕ್ಕ ಬಂದ ಪ್ರತಿಯೊಬ್ಬರ ಎದುರಿಗೂ ಒಂದೊಂದು ಲೋಟ ಗೂಡಲೂರಿನ ಕಡು ಟೀ ಕುಡಿದು ತನ್ನ ಆರೋಗ್ಯವನ್ನು ರುಜುವಾತು ಮಾಡುತ್ತಿದ್ದಳು. ದಿನಕ್ಕೆ ಎಂಟು, ಒಂಬತ್ತು. ಸಾಲದ್ದಕ್ಕೆ ಕಬ್ಬಿಣದ ಮಾತ್ರೆ ತುಕ್ಕು ಮೊಳೆಯ ವಾಸನೆ ಬರುತ್ತದೆ ಎಂದು ಅದನ್ನೂ ಟೀಯಲ್ಲೇ ನುಂಗುತ್ತಿದ್ದಳು.

ಡಾಕ್ಟರ್ ಹಣೆಗೆ ಕೈ ಇಟ್ಟುಕೊಂಡಳು. ಟೀಯಲ್ಲಿರುವ ಒಗರು ಹೊಟ್ಟೆಯೊಳಗೆ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲವಂತೆ. ಕರೆಂಟಿನಿಂದ ಕೆಂಪು ಕಣ ಇಳಿಯುವುದು ಇದ್ದದ್ದೇ. ಆದರೆ ಇರುವ ಮಜ್ಜೆ ಹೊಸದನ್ನು ಮಾಡೋಣವೆಂದರೆ ಅದಕ್ಕೆ ಬೇಕಾದ ಕಬ್ಬಿಣವೂ ಸಿಗುತ್ತಿಲ್ಲ. ನಿಮ್ಮ ನುಗ್ಗೆ ಸೊಪ್ಪು, ರಾಗಿ, ನಮ್ಮ ಮಾತ್ರೆ ಎಲ್ಲವೂ ಟೀಯಲ್ಲಿ ಕೊಚ್ಚಿಕೊಂಡು ಹೋಗುತ್ತಿದೆ ಸರ್ ಎಂದಳು. ಊಟಕ್ಕೂ ಮಾತ್ರೆಗೂ ಎರಡು ಗಂಟೆ ಹಿಂದೆ ಮುಂದೆ ಟೀ ಮುಟ್ಟಬಾರದು, ಮಾತ್ರೆಯನ್ನು ನಿಂಬೆಹಣ್ಣಿನ ರಸದಲ್ಲಿ ತೆಗೆದುಕೊಳ್ಳಬೇಕು. ನಮ್ಮ ಮನೆಯ ದಿನಚರಿಯಲ್ಲಿ ಊಟ, ಮಾತ್ರೆ, ಖರ್ಜೂರ, ಎಳ್ಳುಂಡೆ ಎಲ್ಲ ಕಳೆದರೆ ಟೀಗೆ ಉಳಿಯುವ ಹೊತ್ತು ನಿದ್ದೆಯದು ಮಾತ್ರ. ಮೂವತ್ತೊಂದು ವರ್ಷದ ಸೇವಾನುಭವವನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ನಾನು ಹೊರಗೆ ಬಂದೆ.

ಡಾಕ್ಟರ್ ಬೇಡ ಎಂದಿದ್ದಾರೆ ಎಂದು ನೆಂಟರಿಗೆ ನೇರವಾಗಿ ಹೇಳಿಬಿಡೋಣ ಎಂದು ಆ ಸಂಜೆ ನಾನು ಸೂಚಿಸಿದೆ. ಅಕ್ಕ ನನ್ನನ್ನು ಕರುಣೆಯಿಂದ ನೋಡಿದಳು. ಟೀ ನಿಲ್ಲಿಸಿದರಂತೆ ಎಂದರೆ ಜನ ನೀರು ಬಿಡುವುದೊಂದೇ ಬಾಕಿ ಎಂದುಕೊಳ್ಳುತ್ತಾರೆ, ಅಷ್ಟೂ ಗೊತ್ತಾಗುವುದಿಲ್ಲವೇ ಎಂದಳು. ನನ್ನ ಹೆಂಡತಿ ಅಷ್ಟು ಹೊತ್ತೂ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ ಪರಿಹಾರ ಹೇಳಿದಳು.

"ಅತ್ಗೆ, ಲೋಟ ಸ್ಟೀಲಿಂದು ತಾನೆ? ಒಳಗಡೆ ಏನದೆ ಅಂತ ಯಾರ್ಗೆ ಕಂಡದು?"

ಮರುದಿನದಿಂದ ಬಂದವರಿಗೆ ಟೀ, ಅಕ್ಕನಿಗೆ ಬೆಲ್ಲದ ಪಾನಕ. ನಿಂಬೆಹಣ್ಣು ಹಿಂಡಿ, ಒಂದು ಚಿಟಿಕೆ ಶುಂಠಿ ಹಾಕಿ, ಹಬೆಯಾಡಲಿ ಎಂದು ತುಸು ಬೆಚ್ಚಗೆ ಮಾಡಿ, ಅದೇ ಲೋಟ, ಅದೇ ತಟ್ಟೆಯಲ್ಲಿ. ಅಕ್ಕನೊಳಗೆ ಇಂಥ ಕಲಾವಿದೆ ಅಡಗಿದ್ದಾಳೆ ಎಂದು ಅರವತ್ತು ವರ್ಷ ನನಗೆ ತಿಳಿದಿರಲಿಲ್ಲ. ಸೆರಗಿನಲ್ಲಿ ಲೋಟ ಹಿಡಿಯುವುದೇನು, ಬೆಚ್ಚನೆಯ ಪಾನಕವನ್ನು ಫೂ ಫೂ ಎಂದು ಊದುವುದೇನು, ಸುರ್ ಎಂದು ಹೀರಿ, ಗೂಡಲೂರಿನ ಪುಡಿಯೇ ಪುಡಿ ಎಂದು ನಾಲಿಗೆ ಚಪ್ಪರಿಸುವುದೇನು. ಆದರೆ ಎದುರಿಗಿದ್ದವರ ಲೋಟದಿಂದ ಏಳುವ ಹಬೆಯನ್ನು ಅವಳು ನೋಡುತ್ತಿದ್ದ ರೀತಿ ಮಾತ್ರ, ನಿವೃತ್ತ ಅಧಿಕಾರಿ ತನ್ನ ಜಾಗಕ್ಕೆ ಬಂದವನ ಜೀಪು ನೋಡಿದ ಹಾಗಿರುತ್ತಿತ್ತು.

ಈ ವ್ಯವಸ್ಥೆಯಲ್ಲಿ ಒಂದೇ ಒಂದು ಲೋಪ ನಡೆಯಿತು, ಅದು ನನ್ನಿಂದ. ಆ ದಿನ ಹೆಂಡತಿ ಬ್ಯಾಂಕಿಗೆ ಹೋಗಿದ್ದಳು; ಕುದೇರಿನ ಅತ್ತೆ ನುಗ್ಗೆ ಸೊಪ್ಪಿನ ಹೊರೆಯೊಂದಿಗೆ ಬಂದಳು. ನಾನೇ ಟೀ ಕಾಯಿಸಿ, ಪಾನಕ ಬೆಚ್ಚಗೆ ಮಾಡಿ, ಒಂದೇ ಥರದ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬಂದೆ. ಬಾಗಿಲಲ್ಲಿ ಚಪ್ಪಲಿ ಎಡವಿ ಒಂದು ಸುತ್ತು ತಿರುಗಿದ್ದರಲ್ಲಿ ಎಡ ಬಲ ಅದಲು ಬದಲಾಯಿತು. ಕೊಟ್ಟ ಮೇಲೆ ತಿಳಿಯಿತು. ಅಕ್ಕ ಮೊದಲ ಗುಟುಕಿಗೇ ಕಣ್ಣು ಮುಚ್ಚಿಕೊಂಡಳು. ಯಾರಾದರೂ ಕಿತ್ತುಕೊಳ್ಳುವ ಮೊದಲು ಇಡೀ ಲೋಟವನ್ನು ಊದದೆ ಮುಗಿಸಿದಳು. ನಾನು ಬೆವರುತ್ತಾ ಅತ್ತೆಯ ಕಡೆ ತಿರುಗಿದೆ. ಅವಳು ನಿಧಾನವಾಗಿ ಪೂರ್ತಿ ಕುಡಿದು, ಲೋಟವನ್ನು ನೆಲಕ್ಕಿಟ್ಟು, ಬಾಯಿ ಒರೆಸಿಕೊಂಡಳು. ಟೀ ಬಲು ಪಸಂದಾಗಿದೆ, ನಿನ್ನ ಹೆಂಡತಿಗಿಂತ ನೀನೇ ವಾಸಿ ಎಂದಳು. ಎಂಬತ್ತಕ್ಕೆ ನಾಲಿಗೆಯ ರುಚಿ ಹೋಗಿರುತ್ತದೆ, ನಮ್ಮ ಪುಣ್ಯ ಎಂದುಕೊಂಡೆ. ಅಲ್ಲಿಂದಾಚೆಗೆ ಅಕ್ಕನನ್ನು ನೋಡಲು ಬರುವವರ ಸಂಖ್ಯೆ ಮಾತ್ರ ಯಾಕೋ ಹೆಚ್ಚಿತು.

ನಾಲ್ಕನೆಯ ಸೋಮವಾರ ಸರಿಯಾಗಿ ಹತ್ತು. ಹತ್ತು ಎಂದರೆ ಹತ್ತಕ್ಕಿಂತ ಕೆಳಗಲ್ಲ ಎಂದು ನಾನು ಡಾಕ್ಟರ ಮುಂದೆ ವಾದ ಮಂಡಿಸಲು ಸಿದ್ಧನಾಗಿದ್ದೆ. ಆಕೆ ವಾದಕ್ಕೆ ಅವಕಾಶ ಕೊಡಲಿಲ್ಲ; ಈ ವಾರ ಮುಂದುವರಿಸೋಣ, ಬರುವ ಸೋಮವಾರ ಇಳಿದಿದ್ದರೆ ಮಾತ್ರ ಸೇರಿಸಿಕೊಳ್ಳುತ್ತೇನೆ, ಅಜ್ಜಿ ಆಗ ಜಗಳ ಆಡಬಾರದು ಎಂದಳು. ಜಗಳ ಆಡೋದು ಅಜ್ಜಿಯರು, ನಾನು ಆಡಲ್ಲ ಎಂದು ಅಕ್ಕ ಮಾತು ಕೊಟ್ಟಳು.

ಆ ವಾರ ರೈಲಿನಲ್ಲಿ ಅಕ್ಕ ಕಿಟಕಿಯ ಪಕ್ಕವೇ ಕೂರುತ್ತಿದ್ದಳು. ನಂಜನಗೂಡು ದಾಟುವಾಗ ಒಮ್ಮೆ, ಶನಿವಾರ ಗುಂಡ್ಲುಪೇಟೆಯ ಬಸ್ಸಿನ ಕಿಟಕಿಯಿಂದ ಕಂಡ ಹೂವಿನ ಹೊಲಗಳ ವಿಚಾರ ತೆಗೆದು, ಈ ಸಲದ ಚೆಂಡು ಹೂವು ಬಿಡಿಸಲು ತಾನು ನಿಂತಿರಬೇಕು, ಸೊಸೆಗೆ ಮೊಗ್ಗಿಗೂ ಹೂವಿಗೂ ವ್ಯತ್ಯಾಸ ತಿಳಿಯದು ಎಂದಳು. ಸೊಸೆಯನ್ನು ಬೈಯುವ ಶಕ್ತಿ ಇದ್ದದ್ದು ನೋಡಿ ನನಗೆ ಸಮಾಧಾನವಾಯಿತು. ಆದರೆ ಅವಳ ಕೈ ಮಡಿಲಲ್ಲಿದ್ದ ರಿಪೋರ್ಟಿನ ಕವರನ್ನು ನೀವುತ್ತಲೇ ಇತ್ತು.

ಐದನೆಯ ಸೋಮವಾರ ರಿಪೋರ್ಟು ಕೊಡುವ ಕಿಟಕಿಯ ಮುಂದೆ ನಿಂತ ಹಾಗೆ ಸರ್ಕಾರಿ ಸೇವೆಯ ಯಾವ ಬಡ್ತಿ ಪಟ್ಟಿಯ ಮುಂದೆಯೂ ನಾನು ನಿಂತಿರಲಿಲ್ಲ. ಕನ್ನಡಕ ಹಾಕಿಕೊಂಡು ಓದಿದೆ. ತೆಗೆದು ಒರೆಸಿ ಮತ್ತೆ ಓದಿದೆ. ಹತ್ತು ಪಾಯಿಂಟ್ ಮೂರು.

ಬೆಂಚಿನ ಮೇಲೆ ಕೂತಿದ್ದ ಅಕ್ಕನಿಗೆ ದೂರದಿಂದಲೇ ಮೂರು ಬೆರಳು ತೋರಿಸಿದೆ. ಅವಳು ಬೆಂಚಿನ ಹೆಂಗಸರಿಗೆಲ್ಲ ಮೂರು ಬೆರಳು ತೋರಿಸಿದಳು. ಏನೆಂದು ತಿಳಿಯದಿದ್ದರೂ ಅವರೆಲ್ಲ ಸಂತೋಷಪಟ್ಟರು. ಡಾಕ್ಟರ್ ಮಾತ್ರ ನನ್ನ ಚಾರ್ಟಿಗೆ ಯಶಸ್ಸನ್ನು ಬಿಟ್ಟುಕೊಡಲಿಲ್ಲ. ಟೀ ಬಿಟ್ಟದ್ದರಿಂದಲೋ, ಮಾತ್ರೆ ಈಗ ಹಿಡಿದದ್ದರಿಂದಲೋ, ಅಜ್ಜಿಯ ಮೂಳೆಯೇ ಗಟ್ಟಿಯಿದ್ದದ್ದರಿಂದಲೋ ಹೇಳಲಾರೆ ಸರ್. ಕರೆಂಟು ಮುಗಿದ ಮೇಲೆ ಮಜ್ಜೆ ತಾನಾಗಿ ಚೇತರಿಸಿಕೊಳ್ಳುತ್ತಾ ಬರುತ್ತದೆ, ತಿಂಗಳುಗಳು ಹಿಡಿಯಬಹುದು ಎಂದಳು. ಆ ಶುಕ್ರವಾರ ಇಪ್ಪತ್ತೈದನೆಯದು ಒಂದು ದಿನವೂ ತಪ್ಪದೆ ಮುಗಿಯಿತು. ಗಂಟಿನ ಪಕ್ಕದಲ್ಲೇ ನಳಿಗೆ ಇಟ್ಟು ಒಳಗಿನಿಂದ ಕರೆಂಟು ಕೊಡುವ ಸರದಿ ಇನ್ನೂ ಮೂರು ಬಾಕಿಯಿದ್ದವು; ಅವೂ ಆಮೇಲೆ ತಕರಾರಿಲ್ಲದೆ ನಡೆದವು. ಹೊರಡುವಾಗ ಅಕ್ಕ ಡಾಕ್ಟರ ಗಲ್ಲ ಹಿಡಿದು, ಅಜ್ಜಿ ಅಂತಲೇ ಕರಿ ಮಗಾ, ಅಡ್ಡಿಯಿಲ್ಲ ಎಂದಳು.

ಮರುದಿನ ಶನಿವಾರ ಗುಂಡ್ಲುಪೇಟೆಯ ಅಕ್ಕನ ಮನೆಯಲ್ಲಿ ಬಳಗವೆಲ್ಲ ಸೇರಿತು. ಯಾರೂ ಕರೆದಿರಲಿಲ್ಲ, ಹೇಗೆ ತಿಳಿಯಿತು ಎಂದು ಕೇಳುವುದು ಅನವಶ್ಯಕ, ಏಕೆಂದರೆ ಜಗಲಿಯ ನಡುವೆ ಕುದೇರಿನ ಅತ್ತೆ ಕೂತಿದ್ದಳು. ಅಕ್ಕ ಬೆಳಗ್ಗೆಯೇ ಮಾತ್ರೆ ನುಂಗಿ, ತಿಂಡಿ ತಿಂದು, ಗಡಿಯಾರ ನೋಡುತ್ತಾ ಎರಡು ಗಂಟೆ ಕಾದು, ಮೂರು ವಾರದಲ್ಲಿ ಮೊದಲ ಸಲ ಕಾನೂನುಬದ್ಧವಾಗಿ ಟೀಗೆ ನೀರಿಡಿಸಿದಳು. ಸೊಸೆ ಲೋಟಗಳನ್ನು ಹಂಚುತ್ತಾ ಬಂದಳು. ಅತ್ತೆ ತನ್ನ ಮುಂದೆ ಬಂದ ಲೋಟವನ್ನು ಅಂಗೈಯಿಂದ ಹಿಂದಕ್ಕೆ ತಳ್ಳಿದಳು.

"ನಂಗೆ ಟೀ ಬ್ಯಾಡ ಕಣಮ್ಮಿ. ಆವತ್ತು ಇವ್ನು ಕೊಟ್ನಲ್ಲ, ಬೆಲ್ಲದ ಪಾನಕ, ಅದಿದ್ರೆ ಒಸಿ ಕೊಡು."

ನನ್ನ ಕೈಯಲ್ಲಿದ್ದ ಟೀ ಪಂಚೆಯ ಮೇಲೆ ಚೆಲ್ಲಿತು. ಅಕ್ಕ ನನ್ನನ್ನು ನೋಡಿದಳು. ನಾನು ಸುತ್ತ ನೋಡಿದೆ. ಹರದನಹಳ್ಳಿಯವರು, ಚಂದಕವಾಡಿಯವರು, ಒಬ್ಬರೂ ಆಶ್ಚರ್ಯಪಡುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗು ನುಂಗುತ್ತಿದ್ದರು. ಆಗ ಎಲ್ಲ ತಿಳಿಯಿತು. ಲೋಟ ಅದಲು ಬದಲಾದ ಆ ದಿನವೇ ಅತ್ತೆ ಊರಿಗೆ ಹೋಗಿ ಎಲ್ಲರಿಗೂ ಹೇಳಿಬಿಟ್ಟಿದ್ದಳು. ಅವಳು ಟೀ ಅಂತ ಪಾನಕ ಕುಡಿಯುತ್ತಿದ್ದಾಳೆ, ಯಾರೂ ಗೊತ್ತಿರುವಂತೆ ತೋರಿಸಿಕೊಳ್ಳಬೇಡಿ ಎಂದು. ಅಲ್ಲಿಂದಾಚೆಗೆ ಬಂದವರೆಲ್ಲ ಅಕ್ಕನ ನಾಟಕ ನೋಡಲೆಂದೇ ಬಂದವರು. ಆಮೇಲಿನ ಎರಡು ವಾರ ಜನ ಹೆಚ್ಚಾದದ್ದು ಯಾಕೆಂದು ನನಗೆ ಆಗ ಅರ್ಥವಾಯಿತು.

ಅಕ್ಕನಿಗೆ ಬೇಕಿದ್ದದ್ದು ಒಂದೇ ಉತ್ತರ. ಮತ್ತೆ ನನ್ನ ವಿಚಾರ ಏನು ಹೇಳಿದೆ ಅತ್ತೆ ಎಂದು ಮೆಲ್ಲಗೆ ಕೇಳಿದಳು.

"ಏನಂತ ಏಳ್ಲಿ? ಸಾಯೋರು ಯಾರಾದ್ರೂ ಪಾನಕಾನ ಊದ್ಕಂಡು ಕುಡ್ದಾರಾ? ಅವ್ಳಿಗೆ ಏನೂ ಆಗಿಲ್ಲ ಓಗ್ರಪ್ಪ ಅಂದೆ." ಅತ್ತೆ ಜಗಲಿಯಲ್ಲಿದ್ದವರ ಕಡೆಗೆ ತಿರುಗಿ, ಸಾಕ್ಷಿ ಕರೆಯುವಂತೆ ಕೈ ಚಾಚಿದಳು. "ನೋಡ್ಕಳಿ. ಇವ್ಳು ಒಳ್ಳೆ ಹೆಂಗ್ಸಲ್ಲ ಕಣ್ರವ್ವ. ಮಾ ಕಳ್ಳಿ ಇವ್ಳು."

ಡಾಕ್ಟರು ಹತ್ತು ಪಾಯಿಂಟ್ ಮೂರು ಎಂದಾಗಲೂ ಅಕ್ಕನ ಮುಖ ಅಷ್ಟು ಕೆಂಪಾಗಿರಲಿಲ್ಲ. ಅವಳು ಗೂಡಲೂರಿನ ಟೀಯನ್ನು ಎತ್ತಿ, ಎಲ್ಲರಿಗೂ ಕಾಣುವಂತೆ ಫೂ ಫೂ ಎಂದು ಊದಿದಳು.